ಗಣಿ ಮುಚ್ಚಿದ ಜಾಗಕ್ಕೆ ಮೊದಲು ಬೇಕಾದ್ದು ಸಡಿಲ ಮಣ್ಣು

ತೆರೆದ ಗಣಿಯಲ್ಲಿ ಕಲ್ಲಿದ್ದಲು ಮುಗಿದ ಮೇಲೆ ಗುಂಡಿ ಮುಚ್ಚಿ, ಸಮತಟ್ಟು ಮಾಡಿ, ಹುಲ್ಲಿನ ಬೀಜ ಎರಚುತ್ತಾರೆ. ಒಂದೆರಡು ಮಳೆಗೆ ಜಾಗ ಹಸಿರಾಗುತ್ತದೆ. ಆದರೆ ಅಲ್ಲಿ ನೆಟ್ಟ ಮರದ ಸಸಿಗಳು ಎಷ್ಟೋ ಕಡೆ ವರ್ಷಗಳಾದರೂ ಮೇಲೇಳುವುದಿಲ್ಲ. ಗೊಬ್ಬರ ಸಾಲದಾಯಿತು ಅಂತ ಅನಿಸುವುದು ಸಹಜ, ಅಲ್ವಾ? ನಾನಾದರೆ ಮೊದಲು ಮಣ್ಣು ಎಷ್ಟು ಗಟ್ಟಿಯಾಗಿದೆ ಅಂತ ನೋಡುತ್ತೇನೆ.

ಒಳ್ಳೆಯ ಹೊಲದ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಖಾಲಿ ಜಾಗವೇ. ನೀರು, ಗಾಳಿ, ಬೇರು ಎಲ್ಲ ಓಡಾಡುವುದು ಆ ಸಂದುಗಳಲ್ಲಿ. ಅಂಥ ಮಣ್ಣನ್ನು ಒಣಗಿಸಿ ತೂಗಿದರೆ ಘನ ಸೆಂಟಿಮೀಟರಿಗೆ ಸುಮಾರು 1.3 ಗ್ರಾಂ. ಭಾರಿ ಯಂತ್ರಗಳು ಮತ್ತೆ ಮತ್ತೆ ಹಾಯ್ದ ಗಣಿಮಣ್ಣು 1.7, 1.8ರವರೆಗೂ ಹೋಗುತ್ತದೆ. ಅಷ್ಟು ಗಟ್ಟಿಯಾದರೆ ಬೇರು ಕೆಳಗಿಳಿಯದೆ ಪಕ್ಕಕ್ಕೆ ತಿರುಗುತ್ತದೆ. ಮಳೆನೀರು ಇಂಗದೆ ಮೇಲೆಯೇ ನಿಲ್ಲುತ್ತದೆ, ಇಲ್ಲವೇ ಹರಿದುಹೋಗುತ್ತದೆ. ಇಂಥ ಕಡೆ ಚೀಲಗಟ್ಟಲೆ ಗೊಬ್ಬರ ಸುರಿದರೂ ಸುಮ್ನೆ ಹಾಳು.

ಅಮೆರಿಕದ ಅಪಲೇಶಿಯನ್ ಬೆಟ್ಟಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲೇ ಆಯಿತು. ಗಣಿ ಅಗೆದವರೇ ಜಾಗವನ್ನು ಹೆಚ್ಚುಕಡಿಮೆ ಮೊದಲಿನ ಆಕಾರಕ್ಕೆ ತರಬೇಕು ಎಂದು 1977ರ ಕಾನೂನು ಹೇಳಿತು. ಇಳಿಜಾರು ಕುಸಿಯಬಾರದು, ಮಣ್ಣು ಕೊಚ್ಚಿಹೋಗಬಾರದು ಎಂಬ ಉದ್ದೇಶ ಒಳ್ಳೆಯದೇ. ಅದಕ್ಕಾಗಿ ಬುಲ್‌ಡೋಜರ್ ಹಾಯಿಸಿ ನುಣುಪಾಗಿ ಒತ್ತಿದರು, ಬೇಗ ಹಬ್ಬುವ ಹುಲ್ಲು ಬಿತ್ತಿದರು. ಆ ಹುಲ್ಲು ಸಸಿಗಳ ಪಾಲಿನ ನೀರು, ಬೆಳಕು ಎರಡನ್ನೂ ಕಿತ್ತುಕೊಂಡಿತು. ಕಾಡು ಇದ್ದ ಎಷ್ಟೋ ಕಡೆ ಕಾಡು ಮರಳಲಿಲ್ಲ. 2004ರಲ್ಲಿ ಅಲ್ಲಿ ಮತ್ತೆ ಕಾಡು ಬೆಳೆಸುವ ಯೋಜನೆಯೊಂದು ಶುರುವಾಯಿತು. ಅದರ ಸಲಹೆಯೇ ಬೇರೆ: ಕನಿಷ್ಠ 1.2 ಮೀಟರ್ ದಪ್ಪಕ್ಕೆ ಮಣ್ಣನ್ನು ಸಡಿಲವಾಗಿ ಸುರಿಯಿರಿ, ಅದರ ಮೇಲೆ ಯಂತ್ರದ ಓಡಾಟ ಆದಷ್ಟು ಕಡಿಮೆ ಮಾಡಿ, ಉಬ್ಬುತಗ್ಗು ಇದ್ದರೆ ಇರಲಿ. ಆಗಲೇ ಗಟ್ಟಿಯಾಗಿರುವ ನೆಲವನ್ನು ಉದ್ದ ಹಲ್ಲಿನ ರಿಪ್ಪರ್ ಎಳೆದು ಆಳಕ್ಕೆ ಸೀಳುತ್ತಾರೆ. ನೋಡಲು ಒರಟು ನಿಜ, ಆದರೆ ಬೇರಿಗೆ ದಾರಿ ಸಿಗುತ್ತದೆ.

ಗಣಿ ಅಗೆಯುವ ಮೊದಲೇ ಮೇಲ್ಮಣ್ಣು ತೆಗೆದು ರಾಶಿ ಹಾಕಿಡುವ ಪದ್ಧತಿ ಇದೆ. ರಾಶಿ ಎತ್ತರವಾದಷ್ಟೂ ಒಳಗೆ ಗಾಳಿ ಕಡಿಮೆ. ಕಾಲ ಕಳೆದಂತೆ ಎರೆಹುಳು, ಬೀಜ, ಬೇರಿಗೆ ರಂಜಕ ಒದಗಿಸುವ ಶಿಲೀಂಧ್ರ ಎಲ್ಲವೂ ಕ್ಷೀಣಿಸುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಜಾರಾ ಮರಗಳ ಕಾಡಿನಲ್ಲಿರುವ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಗಣಿಗಳಲ್ಲಿ ಸಾಧ್ಯವಾದ ಕಡೆ ರಾಶಿ ಹಾಕುವುದೇ ಇಲ್ಲ. ಹೊಸದಾಗಿ ತೆರೆಯುವ ಜಾಗದ ಮೇಲ್ಮಣ್ಣನ್ನು ನೇರವಾಗಿ ಮುಚ್ಚುವ ಗುಂಡಿಯ ಮೇಲೆ ಹರಡುತ್ತಾರೆ. ಕಾಡಿನ ಬೀಜಗಳು ಜೀವಂತವಾಗಿಯೇ ಹೊಸ ಜಾಗಕ್ಕೆ ಬರುತ್ತವೆ. ನನಗೆ ತುಂಬ ಇಷ್ಟವಾದ ಉಪಾಯ ಇದು.

ಕೆಲವು ಗಣಿಗಳ ಬಂಡೆಯಲ್ಲಿ ಪೈರೈಟ್ ಎಂಬ, ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ ಇರುತ್ತದೆ. ಗಾಳಿ, ನೀರು ತಾಗಿದರೆ ಅದರಿಂದ ಗಂಧಕಾಮ್ಲ ಹುಟ್ಟುತ್ತದೆ. ಅಂಥ ಬಂಡೆಯನ್ನು ಆಳದಲ್ಲಿ ಹೂಳಬೇಕು, ಹುಳಿಯಾದ ಮಣ್ಣಿಗೆ ಸುಣ್ಣ ಹಾಕಬೇಕು.

ಆಮೇಲೆ ಸಾರಜನಕ. ಪುಡಿಯಾದ ಬಂಡೆಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇರಬಹುದು; ಗಿಡಕ್ಕೆ ಸಿಗುವ ಸಾರಜನಕ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಗಿಡಗಳಿಗೆ ವರ್ಷಕ್ಕೆ ಹೆಕ್ಟೇರಿಗೆ 100 ಕಿಲೋ ಆಸುಪಾಸು ಬೇಕು ಅಂದುಕೊಳ್ಳಿ. ಕೊಳೆತ ಎಲೆ, ಬೇರಿನಲ್ಲಿ ಕೂತಿರುವ ಸಾರಜನಕದಲ್ಲಿ ಒಂದು ವರ್ಷಕ್ಕೆ ಬಿಡುಗಡೆಯಾಗುವುದು ಸಣ್ಣ ಪಾಲು. ಹಾಗಾಗಿ ಸುಮಾರು 1000 ಕಿಲೋ ಕೂಡಿಕೊಂಡ ಮೇಲಷ್ಟೇ ನೆಲ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಲೆಕ್ಕ. ರಸಗೊಬ್ಬರ ಒಂದೇ ಸಲ ಜಾಸ್ತಿ ಹಾಕಿದರೆ ಬಹುಪಾಲು ತೊಳೆದುಹೋಗುತ್ತದೆ. ಕ್ಲೋವರ್‌ನಂಥ ದ್ವಿದಳ ಗಿಡಗಳು ಬೇರುಗಂಟಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಚೆನ್ನಾಗಿ ಬೆಳೆದ ಕಡೆ ವರ್ಷಕ್ಕೆ 100 ಕಿಲೋದಷ್ಟನ್ನು ಗಾಳಿಯಿಂದಲೇ ಹಿಡಿದುಕೊಡುತ್ತವೆ. ಆದರೂ ಹತ್ತು ವರ್ಷದ ಕೆಲಸ ಅದು.

ಅಮೆರಿಕದ ಆ ಕಾನೂನಿನಲ್ಲಿ ಗಣಿ ಕಂಪನಿಯ ಹೊಣೆ ಕೊನೆಯ ಬಿತ್ತನೆಯಾದ ಮೇಲೆ ಮಳೆ ಹೆಚ್ಚಿರುವ ಕಡೆ 5 ವರ್ಷ, ಒಣ ಸೀಮೆಯಲ್ಲಿ 10 ವರ್ಷ. ಮಳೆಸೀಮೆಯ 5 ವರ್ಷ ಸಾರಜನಕಕ್ಕೇ ಸಾಲದು. ಈ ಅವಧಿ ಹೆಚ್ಚಬೇಕು ಎನ್ನುವುದು ನನ್ನ ಅಭಿಪ್ರಾಯ.