ಸ್ಕೀ ಹಲಗೆಯ ನಡು ಯಾವುದು? ಬೈಂಡಿಂಗ್ ಗೆರೆ ಹಿಂದೆ ಮುಂದೆ ಸರಿದು ಬಂದ ಬಗೆ

ಉತ್ತರಾಖಂಡದ ಔಲಿಯಲ್ಲೋ ಕಾಶ್ಮೀರದ ಗುಲ್ಮರ್ಗ್‌ನಲ್ಲೋ ಹಿಮದ ಮೇಲೆ ಜಾರುವ ಸ್ಕೀ ಕಲಿತು ಬಂದ ನಮ್ಮ ಹುಬ್ಬಳ್ಳಿ-ಧಾರವಾಡದ ಗೆಳೆಯರಲ್ಲಿ ಈಗ ಒಬ್ಬೊಬ್ಬರೇ ಸ್ವಂತ ಸ್ಕೀ ತರಿಸಿಕೊಳ್ಳುತ್ತಿದ್ದಾರೆ. ಹೊರದೇಶದಲ್ಲಿರುವ ಅಣ್ಣನೋ ಅಕ್ಕನೋ ರಜೆಗೆ ಬರುವಾಗ ಹೊತ್ತು ತರುತ್ತಾರೆ. ಬರುವುದು ಬರೀ ಹಲಗೆ. ಬೂಟನ್ನು ಕಚ್ಚಿ ಹಿಡಿಯುವ ಬೈಂಡಿಂಗ್ ಬೇರೆ ಡಬ್ಬದಲ್ಲಿರುತ್ತದೆ. ಅದನ್ನು ಹಲಗೆಯ ಮೇಲೆ ಎಲ್ಲಿ ಕೂರಿಸಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಂಪನಿ ಹಲಗೆಯ ಮೇಲೆ ಹಾಕಿದ ಗೆರೆಗೇ ಕೂರಿಸು ಅಂತ ಒಬ್ಬರು. ಒಂದು ಸೆಂಟಿಮೀಟರ್ ಮುಂದೆ ತಗೋ ಅಂತ ಇನ್ನೊಬ್ಬರು. ಆಳ ಹಿಮಕ್ಕೆ ಹೋಗುವುದಾದರೆ ಹಿಂದೆ ಅಂತ ಮತ್ತೊಬ್ಬರು. ಎಲ್ಲರೂ ತಮ್ಮ ಅನುಭವದಿಂದಲೇ ಹೇಳುತ್ತಾರೆ. ಆದರೂ ಮಾತು ಕೂಡುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅಷ್ಟು ಕಾಲದಲ್ಲಿ ಸ್ಕೀಯ ನಡು ಅಂತ ಜನ ಹಿಡಿದ ಜಾಗ ಎಷ್ಟೋ ಸಲ ಬದಲಾಗಿದೆ.

ಒಂದೆರಡು ಸೆಂಟಿಮೀಟರ್‌ಗೆ ಇಷ್ಟು ಚರ್ಚೆ ಬೇಕಾ? ಬೇಕು. ನಮ್ಮ ಕಡೆ ಚಕ್ಕಡಿ ಹೇರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊರೆ ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಾದರೆ ಮೇಲಕ್ಕೆ ಎಳೆಯುತ್ತದೆ. ಸ್ಕೀಯಲ್ಲಿ ಹೊರೆ ನಾವೇ. ಬೂಟು ಮುಂದೆ ಬಂದರೆ ಹಲಗೆಯ ಮುಂಭಾಗ ಗಿಡ್ಡವಾಗುತ್ತದೆ, ಹಿಂಭಾಗ ಉದ್ದವಾಗುತ್ತದೆ. ಸ್ಕೀ ಬೇಗ ತಿರುಗುತ್ತದೆ, ಆದರೆ ಆಳ ಹಿಮದಲ್ಲಿ ಮೂತಿ ಮುಳುಗುತ್ತದೆ. ಬೂಟು ಹಿಂದೆ ಹೋದರೆ ಮೂತಿ ತೇಲುತ್ತದೆ, ವೇಗದಲ್ಲಿ ಹಲಗೆ ಅಲುಗಾಡುವುದಿಲ್ಲ. ಆದರೆ ತಿರುಗಿಸಬೇಕಾದರೆ ಮೊಳಕಾಲನ್ನು ಮುಂದೆ ಒತ್ತಿ, ಬೂಟಿನ ನಾಲಿಗೆಯ ಮೇಲೆ ಭಾರ ಹಾಕಿ ಓಡಿಸಬೇಕು. ಹೆದರಿ ಹಿಂದಕ್ಕೆ ಕೂರುವ ಚಾಳಿ ಇದ್ದವರಿಗೆ ಆ ಸ್ಕೀ ಮಾತು ಕೇಳುವುದಿಲ್ಲ.

ಮೊದಲ ನಡು ತೂಕದ ನಡು. ನಾರ್ವೆಯ ಟೆಲಿಮಾರ್ಕ್ ಸೀಮೆಯ ಮೊರ್ಗೆಡಾಲ್‌ನಲ್ಲಿ ಹುಟ್ಟಿದ ಸೋಂದ್ರೆ ನೋರ್ಹೈಮ್ (1825–1897) ಹೊಸೆದ ಎಳೆ ಕೊಂಬೆಗಳ ಪಟ್ಟಿಯನ್ನು ಹಿಮ್ಮಡಿ ಸುತ್ತ ಹಾಕಿ ಕಾಲನ್ನು ಬಿಗಿದುಕೊಂಡರು. ಹಲಗೆಯ ನಡುವನ್ನು ತುಸು ಸಣ್ಣಗೆ ಕೆತ್ತಿದರು. 1868ರಲ್ಲಿ ಇಂದಿನ ಓಸ್ಲೊದಲ್ಲಿ ನಡೆದ ಪಂದ್ಯದಲ್ಲಿ ಗೆದ್ದು ಹೆಸರಾದರು. ಆ ಕಾಲದಲ್ಲಿ ಸ್ಕೀ ಅಂದರೆ ಇಳಿಯುವುದಷ್ಟೇ ಅಲ್ಲ, ನಡೆಯುವುದೂ ಹತ್ತುವುದೂ ಅದರಲ್ಲೇ. ಪ್ರತಿ ಹೆಜ್ಜೆಗೆ ಕಾಲು ಎತ್ತಿದಾಗ ಹಲಗೆಯೂ ಏಳಬೇಕು. ಮೂತಿ ಭಾರವಾದರೆ ಹಿಮಕ್ಕೆ ಕುತ್ತುತ್ತದೆ, ಬಾಲ ಭಾರವಾದರೆ ಹಿಂದೆ ಎಳೆಯುತ್ತದೆ. ಹಾಗಾಗಿ ಹಲಗೆಯನ್ನು ಬೆರಳ ಮೇಲಿಟ್ಟು ತೂಗಿ, ಅದು ಸಮ ನಿಲ್ಲುವ ಜಾಗವನ್ನು ಹಿಡಿದು ಕಾಲ್ಬೆರಳಿನ ಕಟ್ಟು ಹಾಕುವುದು ಸಹಜವಾಗಿತ್ತು.

ಈ ಪದ್ಧತಿ ಸತ್ತಿಲ್ಲ. ಭಾರತದ ಪರ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ಅಂದರೆ ಹಿಮದ ಬಯಲಲ್ಲಿ ದೂರ ಸಾಗುವ ಪಂದ್ಯದಲ್ಲಿ, ಓಡುವ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಆಟದಲ್ಲಿ ಇವತ್ತಿಗೂ ಹಿಮ್ಮಡಿ ಬಿಡುವಾಗಿಯೇ ಇರುತ್ತದೆ. ಅಂಥ ಸ್ಕೀಗೆ ಬೈಂಡಿಂಗ್ ಕೂರಿಸುವಾಗ ತೂಕದ ನಡುವನ್ನೇ ಹುಡುಕುತ್ತಾರೆ. ಅಲ್ಲಿ ಅದು ಸರಿ.

ಆಲ್ಪ್ಸ್ ಪರ್ವತಗಳಿಗೆ ಸ್ಕೀ ಬಂದ ಮೇಲೆ ಕಡಿದಾದ ಇಳಿಜಾರು ಬಂತು. ಆಸ್ಟ್ರಿಯಾದ ಲಿಲಿಯೆನ್‌ಫೆಲ್ಡ್‌ನಲ್ಲಿ ಮಥಿಯಾಸ್ ಜ್ದಾರ್ಸ್ಕಿ 1890ರ ದಶಕದಲ್ಲಿ ಲೋಹದ ಬೈಂಡಿಂಗ್ ಮಾಡಿ ಇಳಿಜಾರಿಗೆ ಬೇಕಾದ ಹಿಡಿತ ಕೊಟ್ಟರು. 1929ರಲ್ಲಿ ಸ್ವಿಟ್ಜರ್ಲೆಂಡಿನ ಗೀಡೊ ರೋಯ್ಗೆ ತಂದ ಕಂದಹಾರ್ ಬೈಂಡಿಂಗ್ ತಂತಿ ಎಳೆದು ಹಿಮ್ಮಡಿಯನ್ನು ಹಲಗೆಗೆ ಒತ್ತಿ ಹಿಡಿಯಿತು. ಇಲ್ಲಿಂದ ಎಲ್ಲ ಬದಲಾಯಿತು. ಹಿಮ್ಮಡಿ ಬಿಗಿಯಾದ ಮೇಲೆ ಸ್ಕೀಯನ್ನು ಎತ್ತಿ ನಡೆಯುವುದು ಕಡಿಮೆಯಾಯಿತು, ಅದರ ಮೇಲೆ ನಿಂತು ಒತ್ತುವುದು ಜಾಸ್ತಿಯಾಯಿತು. ಹಲಗೆ ಬೆರಳ ಮೇಲೆ ಎಲ್ಲಿ ಸಮ ನಿಲ್ಲುತ್ತದೆ ಅನ್ನುವುದಕ್ಕಿಂತ, ಮೈಭಾರ ಎಲ್ಲಿ ಬಿದ್ದರೆ ಅಂಚು ಹಿಮವನ್ನು ಕಚ್ಚುತ್ತದೆ ಅನ್ನುವುದು ಮುಖ್ಯವಾಯಿತು.

ಬಿಗಿ ಹಿಡಿತದ ಜೊತೆ ಕಾಲು ಮುರಿಯುವುದೂ ಹೆಚ್ಚಿತು. ಅಮೆರಿಕದ ಓರೆಗಾನ್‌ನಲ್ಲಿದ್ದ ಯಾಲ್ಮರ್ ವಾಮ್ 1937ರಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾಗ, ಬಿದ್ದರೆ ತಾನೇ ಬಿಟ್ಟುಕೊಳ್ಳುವ ಬೈಂಡಿಂಗ್‌ನ ಯೋಚನೆ ಮಾಡಿದರು. 1939ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆಮೇಲೆ ಜರ್ಮನಿಯ ಹಾನೆಸ್ ಮಾರ್ಕರ್, ಫ್ರಾನ್ಸಿನ ಜಾನ್ ಬೆಯ್ಲ್ ಥರದವರು ಅದೇ ದಾರಿಯಲ್ಲಿ ಮುಂದೆ ಹೋದರು. ಬಿಟ್ಟುಕೊಳ್ಳುವ ಬೈಂಡಿಂಗ್ ಅಂದರೆ ಮುಂದೊಂದು ತುಂಡು, ಹಿಂದೊಂದು ತುಂಡು, ನಡುವೆ ಅಳತೆ ತಪ್ಪದ ಬೂಟು. ಸ್ಕ್ರೂ ಹಾಕಿದ ಮೇಲೆ ಸುಮ್ನೆ ಸರಿಸಲು ಬರುವುದಿಲ್ಲ. ತೂತು ಹೊಡೆಯುವ ಮೊದಲೇ ಜಾಗ ನಿರ್ಧಾರ ಮಾಡಬೇಕಾದ ಕಾಲ ಶುರುವಾದದ್ದು ಹೀಗೆ.

ಆಗ ಎಲ್ಲರೂ ಹಿಡಿದ ಸುಲಭ ನಿಯಮ ಒಂದಿತ್ತು. ಹಲಗೆಯ ಎರಡೂ ತುದಿಗಳ ನಡುವೆ ನೇರವಾಗಿ ಅಳೆದು ಅರ್ಧ ಮಾಡು, ಆ ಗೆರೆಗೆ ಬೂಟಿನ ಮುಂತುದಿ ತಾಗಿಸು. ಎರಡು ಮೀಟರ್ ಉದ್ದದ ನೇರ ಹಲಗೆಗಳ ಕಾಲದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಆದರೆ ಅದರಲ್ಲಿ ಒಂದು ತೊಡಕಿತ್ತು, ಅದನ್ನು ಲೆಕ್ಕ ಹಾಕಿ ನೋಡಬೇಕು. ಒಬ್ಬರ ಬೂಟಿನ ಅಡಿ 290 ಮಿ.ಮೀ., ಇನ್ನೊಬ್ಬರದು 340 ಮಿ.ಮೀ. ಅನ್ನಿ. ಇಬ್ಬರ ಬೂಟಿನ ಮುಂತುದಿಯೂ ಒಂದೇ ಗೆರೆಗೆ ತಾಗಿದೆ. ಮೊದಲಿನವರ ಬೂಟಿನ ನಡು ಗೆರೆಯಿಂದ 145 ಮಿ.ಮೀ. ಹಿಂದೆ, ಎರಡನೆಯವರದು 170 ಮಿ.ಮೀ. ಹಿಂದೆ. ಅಂದರೆ ದೊಡ್ಡ ಪಾದದವರು ಎರಡೂವರೆ ಸೆಂಟಿಮೀಟರ್ ಹಿಂದೆ ನಿಂತಂತಾಯಿತು. ನಾವು ಇವತ್ತು ಒಂದು ಸೆಂಟಿಮೀಟರ್‌ಗೆ ಜಗಳಾಡುತ್ತೇವೆ, ಅಲ್ವಾ? ಆಗ ಪಾದದ ಅಳತೆಯೊಂದರಿಂದಲೇ ಅದರ ಎರಡೂವರೆ ಪಟ್ಟು ವ್ಯತ್ಯಾಸ ಯಾರ ಗಮನಕ್ಕೂ ಬಾರದೆ ಆಗಿಹೋಗುತ್ತಿತ್ತು.

1960ರ ದಶಕದಲ್ಲಿ ಬಾಬ್ ಲಾಂಗೆ ಅವರ ಪ್ಲಾಸ್ಟಿಕ್ ಬೂಟು ಬಂತು. ಮುಂದೆ ಬೂಟಿನ ಅಡಿಯ ಆಕಾರಕ್ಕೆ ಐಎಸ್‌ಒ 5355 ಅನ್ನುವ ಮಾನದಂಡವೂ ಬಂತು. ಈಗ ಯಾವ ಸ್ಕೀ ಬೂಟು ತಿರುಗಿಸಿ ನೋಡಿದರೂ ಅಡಿಯ ಪಕ್ಕದಲ್ಲಿ ನಡುವಿನ ಗುರುತು ಕಾಣುತ್ತದೆ. ಹಲಗೆಯ ಮೇಲೂ ಅದಕ್ಕೆ ಹೊಂದುವ ಗೆರೆ ಇರುತ್ತದೆ. ಗುರುತಿಗೆ ಗೆರೆ ಕೂಡಿಸಿದರೆ ಆಯಿತು. ಬೂಟಿನ ತುದಿ ಬಿಟ್ಟು ಬೂಟಿನ ನಡುವನ್ನು ಹಿಡಿದದ್ದು ಈ ಇಡೀ ಕಥೆಯಲ್ಲಿ ಅತ್ಯಂತ ಒಳ್ಳೆಯ ಬದಲಾವಣೆ ಅಂತ ನನ್ನ ಅನಿಸಿಕೆ. ಇದರ ಜೊತೆಗೇ ಇನ್ನೊಂದು ವಾದವೂ ಬೆಳೆಯಿತು. ನಾವು ನಿಲ್ಲುವುದು ಬೂಟಿನ ನಡುವಿನ ಮೇಲಲ್ಲ, ಹೆಬ್ಬೆರಳ ಬುಡದ ಉಬ್ಬಿನ ಮೇಲೆ. ಆದ್ದರಿಂದ ಆ ಉಬ್ಬು ಹಲಗೆಯ ಹಿಮ ಮುಟ್ಟುವ ಭಾಗದ ನಡುವಿಗೆ ಬರಬೇಕು ಅನ್ನುವ ವಾದ ಅದು. ಕೆಲವು ತಂತ್ರಜ್ಞರು ಇಂದಿಗೂ ಹಾಗೇ ಅಳೆಯುತ್ತಾರೆ.

ಅಮೆರಿಕದ ಜೀನಿ ಥೋರೆನ್ ಎತ್ತಿದ ಪ್ರಶ್ನೆಯೂ ಇದೇ ಜಾಡಿನದು. ಗಂಡಸರ ಮೈಕಟ್ಟಿಗೆ ಮಾಡಿದ ಸ್ಕೀಯಲ್ಲಿ ಹೆಂಗಸರು ಹಿಂದೆ ಸಿಕ್ಕಿಹಾಕಿಕೊಳ್ಳುತ್ತಾರೆ, ಅವರ ಬೈಂಡಿಂಗ್ ಮುಂದೆ ಬರಬೇಕು, ಹಿಮ್ಮಡಿ ತುಸು ಏರಬೇಕು ಅಂತ ಅವರು ಊರೂರು ತಿರುಗಿ ತೋರಿಸಿಕೊಟ್ಟರು. ಎಷ್ಟೋ ಹೆಂಗಸರು ತಮಗೇ ಬರುವುದಿಲ್ಲ ಅಂತ ನೊಂದುಕೊಂಡಿದ್ದರು. ತಪ್ಪು ಸ್ಕ್ರೂ ಹಾಕಿದ ಜಾಗದಲ್ಲಿತ್ತು.

1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಸ್ಕೀ ತಂದಾಗ ಹಲಗೆಯ ಆಕಾರವೇ ಬದಲಾಯಿತು. ಯೂರಿ ಫ್ರಾಂಕೊ, ಪಾವೆಲ್ ಶ್ಕೋಫಿಚ್ ರೂಪಿಸಿದ ಅದರ ಮೂತಿ ಅಗಲ, ನಡು ಸಣ್ಣ, ಬಾಲ ಮತ್ತೆ ಅಗಲ. ವಾಲಿಸಿದರೆ ಸಾಕು, ಹಲಗೆಯೇ ತಿರುವು ಕೊರೆಯುತ್ತದೆ. ಎರಡು ಮೀಟರ್ ಉದ್ದ ಬೇಕಿಲ್ಲ ಅಂತಾಯಿತು. ಇವತ್ತು ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಲಾಲಂ ಪಂದ್ಯದಲ್ಲಿ ಗಂಡಸರಿಗೆ ಕನಿಷ್ಠ 165 ಸೆಂ.ಮೀ., ಹೆಂಗಸರಿಗೆ 155 ಸೆಂ.ಮೀ. ಇದ್ದರೆ ನಡೆಯುತ್ತದೆ. ಹಲಗೆ ಗಿಡ್ಡವಾದಾಗ ಅದೇ ಒಂದು ಸೆಂಟಿಮೀಟರ್‌ನ ಬೆಲೆ ಹೆಚ್ಚಿತು.

1998ರಲ್ಲಿ ಸಾಲೊಮನ್ ಕಂಪನಿಯ ಟೆನ್‌ಏಟಿ ಸ್ಕೀ ಬಂತು. ಕೆನಡಾದ ಮೈಕ್ ಡಗ್ಲಸ್ ಮತ್ತು ಗೆಳೆಯರ ಕನಸಿನ ಆ ಸ್ಕೀಯ ಬಾಲವೂ ಮೂತಿಯಂತೆ ಮೇಲಕ್ಕೆ ಬಾಗಿತ್ತು. ಗಾಳಿಯಲ್ಲಿ ತಿರುಗಿ ಹಿಮ್ಮುಖವಾಗಿ ಇಳಿಯುವ ಹುಡುಗರಿಗೆ ಮುಂದು ಹಿಂದು ಎರಡೂ ಒಂದೇ. ಅವರು ಬೂಟಿನ ನಡುವನ್ನು ಹಲಗೆಯ ಉದ್ದದ ಸರಿ ಅರ್ಧಕ್ಕೆ, ಇಲ್ಲವೇ ಅದರ ತೀರಾ ಹತ್ತಿರಕ್ಕೆ ತಂದರು. ಜಾಗವನ್ನು ಸರಿ ಅರ್ಧದಿಂದ ಎಣಿಸುವ ರೂಢಿ ಇವರ ನಡುವೆ ಬೆಳೆಯಿತು. ಸೊನ್ನೆ ಅಂದರೆ ಸರಿ ಅರ್ಧ, ಮೈನಸ್ ಐದು ಅಂದರೆ ಅಲ್ಲಿಂದ ಐದು ಸೆಂಟಿಮೀಟರ್ ಹಿಂದೆ. ಹಳೆಯ ಶೈಲಿಯ ಇಳಿಜಾರು ಸ್ಕೀಗಳು ಈ ಲೆಕ್ಕದಲ್ಲಿ ಮೈನಸ್ ಹತ್ತು, ಹನ್ನೆರಡರಲ್ಲಿ ನಿಲ್ಲುತ್ತವೆ.

ಆಮೇಲೆ 2002ರ ಸುಮಾರಿಗೆ ಸ್ಕೀ ಆಟಗಾರ ಶೇನ್ ಮೆಕಾಂಕಿ ವೊಲಾಂಟ್ ಕಂಪನಿಯಿಂದ ಸ್ಪಾಟುಲಾ ಅನ್ನುವ ಸ್ಕೀ ಮಾಡಿಸಿದರು. ಆಳ ಹಿಮ ಗಟ್ಟಿ ನೆಲಕ್ಕಿಂತ ನೀರಿಗೆ ಹತ್ತಿರ ಅನ್ನುವುದು ಅವರ ಯೋಚನೆ. ಹಲಗೆಯನ್ನೇ ದೋಣಿಯ ತಳದ ಹಾಗೆ ಮೇಲಕ್ಕೆ ಬಗ್ಗಿಸಿದರು. ಎಲ್ಲ ಥರದ ಹಿಮಕ್ಕೂ ಆಗಲಿ ಅಂತ ಮಾಡುವ ಇವತ್ತಿನ ಹೆಚ್ಚಿನ ಆಲ್ ಮೌಂಟನ್ ಸ್ಕೀಗಳಲ್ಲಿ ಆ ಬಾಗು ಮೂತಿಯ ಕಡೆ ಸ್ವಲ್ಪ ಇದ್ದೇ ಇದೆ, ರಾಕರ್ ಅನ್ನುವುದು ಅದನ್ನೇ. ಹಾಗಾಗಿ 180 ಸೆಂ.ಮೀ. ಸ್ಕೀಯಲ್ಲಿ 180 ಸೆಂ.ಮೀ. ಹಿಮ ಮುಟ್ಟುವುದಿಲ್ಲ. ಉದ್ದದ ಅರ್ಧ ಒಂದು ಕಡೆ, ಹಿಮ ಮುಟ್ಟುವ ಭಾಗದ ಅರ್ಧ ಇನ್ನೊಂದು ಕಡೆ, ಹಲಗೆ ಅತಿ ಸಣ್ಣಗಿರುವ ಜಾಗ ಮತ್ತೊಂದು ಕಡೆ. ಆಲ್ ಮೌಂಟನ್ ಸ್ಕೀ ಇವೆಲ್ಲದರ ಮಿಶ್ರಣ. ಗಟ್ಟಿ ಹಿಮದಲ್ಲೂ ಓಡಬೇಕು, ಪುಡಿ ಹಿಮದಲ್ಲೂ ತೇಲಬೇಕು. ಅವುಗಳ ಗೆರೆ ಸಾಮಾನ್ಯವಾಗಿ ಮೈನಸ್ ಆರರಿಂದ ಒಂಬತ್ತರ ಆಸುಪಾಸಿನಲ್ಲಿ ಇರುತ್ತದೆ. ವಾದ ಜೋರಾಗಿರುವುದೂ ಇದೇ ಜಾಗದಲ್ಲಿ.

ಕಳೆದ ಮಳೆಗಾಲದಲ್ಲಿ ಧಾರವಾಡದ ಗೆಳೆಯನೊಬ್ಬ ತನ್ನ 180ರ ಸ್ಕೀಯನ್ನು ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ಟೂಲ್‌ರೂಮಿಗೆ ಅಳೆಸಲು ತಂದ. ಜೊತೆಗೆ ನಾನೂ ಇದ್ದೆ. 'ಕಾಕಾ, ನಡು ಗುರುತು ಮಾಡಿಕೊಡ್ರಿ' ಅಂದ. ಮೇಸ್ತ್ರಿ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: 'ನಡು ಅಂದ್ರ ಯಾವುದರ ನಡುವೋ ತಮ್ಮಾ? ಹಲಗೀದೋ, ಬೂಟಿಂದೋ, ನೆಲಾ ಮುಟ್ಟೂ ಭಾಗದ್ದೋ?' ಹಿಮ ನೋಡದ ಮನುಷ್ಯ ಚರ್ಚೆಯ ಬೇರಿಗೇ ಕೈ ಹಾಕಿದ್ದರು.

ಮೂತಿಯಿಂದ ಬಾಲಕ್ಕೆ ಟೇಪನ್ನು ನೇರ ಎಳೆದಾಗ ಬಂದದ್ದು 178.4 ಸೆಂ.ಮೀ., ಹಲಗೆಯ ಮೇಲೆ ಅಚ್ಚಾದ 180 ಅಲ್ಲ. ಇದು ಮೋಸವಲ್ಲ. ಬಾಗಿನ ಗುಂಟ ಅಳೆದರೆ ಒಂದು, ನೇರ ಅಳೆದರೆ ಇನ್ನೊಂದು ಬರುತ್ತದೆ. ಕಂಪನಿಯ ಗೆರೆ ಬಾಲದ ತುದಿಯಿಂದ 81 ಸೆಂ.ಮೀ. ದೂರದಲ್ಲಿತ್ತು. 178.4ರ ಅರ್ಧ 89.2, ಹಾಗಾಗಿ ಗೆರೆ ಮೈನಸ್ 8.2. ಅಚ್ಚಾದ 180ರ ಅರ್ಧ ಹಿಡಿದರೆ ಅದೇ ಗೆರೆ ಮೈನಸ್ 9. ಇಬ್ಬರು ಕೂತು ಮೈನಸ್ ಎಂಟೋ ಒಂಬತ್ತೋ ಅಂತ ವಾದ ಮಾಡುತ್ತಿದ್ದರೆ, ಒಂದೇ ಜಾಗಕ್ಕೆ ಬೆರಳು ತೋರಿಸುತ್ತಿರಬಹುದು. ಮೇಸ್ತ್ರಿ ಆಮೇಲೆ ಹಲಗೆಯನ್ನು ಸಪಾಟಾದ ಕಲ್ಲಿನ ಮೇಜಿನ ಮೇಲಿಟ್ಟು ನಡುವನ್ನು ಕೈಯಿಂದ ಒತ್ತಿ ಹಿಡಿದರು. ಒಂದು ಹಾಳೆಯನ್ನು ಮೂತಿಯ ಕೆಳಗೆ ತೂರಿಸಿ, ಅದು ಸಿಕ್ಕಿಕೊಂಡ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿದರು. ಬಾಲದ ಕಡೆಯೂ ಹಾಗೇ ಮಾಡಿದರು. ಹಿಮ ಮುಟ್ಟುವ ಭಾಗ ಕಣ್ಣಿಗೆ ಕಂಡಿತು.

ತೂತು ಮಾತ್ರ ಅಲ್ಲಿ ಹೊಡೆಸಲಿಲ್ಲ. ಹಲಗೆಯ ಮೇಲೇ 4.1 × 9 ಅಂತ ಅಚ್ಚಾಗಿತ್ತು. 4.1 ಮಿ.ಮೀ. ದಪ್ಪದ ಡ್ರಿಲ್ ಬಿಟ್, 9 ಮಿ.ಮೀ. ಆಳ. ಒಳಗೆ ಲೋಹದ ಪದರ ಇರುವ ಸ್ಕೀಗೆ ಆ ಬಿಟ್, ಲೋಹ ಇಲ್ಲದಿದ್ದರೆ 3.5 ಅಥವಾ 3.6. ಆಳ ಜಾಸ್ತಿಯಾದರೆ ತಳ ಹಾಳು. ನಮ್ಮ ಮೇಸ್ತ್ರಿಯ ಕೈ ಪಳಗಿದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆಯಾ ಬೈಂಡಿಂಗ್‌ಗೆ ಮಾಡಿದ, ತೂತಿನ ಜಾಗ ತೋರಿಸುವ ಜಿಗ್ ಅನ್ನುವ ಚೌಕಟ್ಟು ಬೇಕು, ಬಿಟ್ಟುಕೊಳ್ಳುವ ಬಲವನ್ನು ಹೊಂದಿಸುವವರೂ ಬೇಕು. ಅದು ಕಾಲಿನ ಎಲುಬಿನ ಪ್ರಶ್ನೆ. ಇನ್ನೊಂದು ಮಾತು: ಹೊಸ ತೂತು ಹಳೆಯದರಿಂದ ಸುಮಾರು ಒಂದು ಸೆಂಟಿಮೀಟರ್ ದೂರ ಇರಬೇಕು, ಇಲ್ಲದಿದ್ದರೆ ಸ್ಕ್ರೂ ಕಿತ್ತು ಬರಬಹುದು. ಅಂದರೆ ಅರ್ಧ ಸೆಂಟಿಮೀಟರ್ ಆಮೇಲೆ ಸರಿಸೋಣ ಅನ್ನುವುದು ನಡೆಯುವ ಮಾತಲ್ಲ.

ಹಾಗಾದರೆ ಎಲ್ಲಿ? ನನ್ನ ಮಾತು ಕೇಳುವುದಾದರೆ, ಮೊದಲ ಸ್ಕೀಗೆ ಕಂಪನಿಯ ಗೆರೆಯೇ ಸರಿ. ಮೂತಿಯ ಬಾಗು, ಅಂಚಿನ ತಿರುವು, ಹಲಗೆಯ ಗಡಸು ಎಲ್ಲವನ್ನೂ ಆ ಗೆರೆಯ ಮೇಲೆ ಬೂಟು ಇರುತ್ತದೆ ಅಂತಲೇ ರೂಪಿಸಿರುತ್ತಾರೆ. ಬದಲಿಸುವುದಿದ್ದರೆ ಎಣಿಕೆ ಆ ಗೆರೆಯಿಂದಲೇ ಇರಲಿ, ಸರಿ ಅರ್ಧದಿಂದ ಬೇಡ. ಔಲಿಯಂಥ ಒತ್ತಿ ಸಮ ಮಾಡಿದ ಇಳಿಜಾರಿನಲ್ಲೇ ಸಣ್ಣ ಸಣ್ಣ ತಿರುವು ಹಾಕುವವರು ಒಂದು ಸೆಂಟಿಮೀಟರ್ ಮುಂದೆ ಬಂದರೆ ಹಿತವಾಗುತ್ತದೆ. ಗುಲ್ಮರ್ಗ್‌ನ ಎರಡನೇ ಹಂತದ ಗೊಂಡೋಲಾ (ತಂತಿಯ ಮೇಲೆ ಸಾಗುವ ಡಬ್ಬಿ) ಹತ್ತಿ ಅಫರ್ವತ್ ಬೆಟ್ಟದ ಆಳ ಹಿಮಕ್ಕೆ ಇಳಿಯುವವರು ಮುಂದೆ ಬರಲೇಬಾರದು. ಹೆಂಗಸರಿಗೆಂದೇ ಮಾಡಿದ ಮಾದರಿಯಲ್ಲಿ ಗೆರೆಯನ್ನು ಆ ಲೆಕ್ಕದಲ್ಲೇ ಹಾಕಿರುತ್ತಾರೆ, ಅಲ್ಲಿ ಮತ್ತೆ ಮುಂದೆ ಸರಿಸಿದರೆ ಎರಡು ಸಲ ಸರಿಸಿದಂತೆ.

ಔಲಿಗೂ ಗುಲ್ಮರ್ಗ್‌ಗೂ ಎರಡಕ್ಕೂ ಹೋಗುವವರಿಗೆ ಹಳಿಯ ಮೇಲೆ ಜಾರುವ ಬೈಂಡಿಂಗ್‌ಗಳಿವೆ. ಬಾಡಿಗೆ ಅಂಗಡಿಗಳು ಇಟ್ಟುಕೊಳ್ಳುವುದು ಅಂಥವನ್ನೇ. ಟಿರೋಲಿಯಾ ಕಂಪನಿಯ ರೇಲ್‌ಫ್ಲೆಕ್ಸ್ ಥರದವುಗಳಲ್ಲಿ ಮುಂದಿನ ತುಂಡೂ ಹಿಂದಿನ ತುಂಡೂ ಜೊತೆಗೇ ಸರಿಯುತ್ತವೆ, ಹೊಸ ತೂತು ಬೇಕಿಲ್ಲ. ತೂಕ ತುಸು ಜಾಸ್ತಿ, ಬೂಟು ಹಲಗೆಯಿಂದ ತುಸು ಎತ್ತರಕ್ಕೆ ಕೂರುತ್ತದೆ. ವರ್ಷಕ್ಕೊಮ್ಮೆ ಇಷ್ಟು ದೂರದಿಂದ ಹೋಗಿ ಕೆಲವೇ ದಿನ ಸ್ಕೀ ಮಾಡುವ ನಮ್ಮಂಥವರಿಗೆ ನಾನು ಅದನ್ನೇ ಹೇಳುತ್ತೇನೆ. ಸ್ಕ್ರೂ ಹಾಕಿ ಬಿಗಿಸುವ ಬೈಂಡಿಂಗೇ ಬೇಕು ಅನ್ನುವವರು ಅಂಗಡಿಗೆ ಕೊಡುವ ಚೀಟಿಯಲ್ಲಿ ಬೂಟಿನ ಅಡಿಯ ಉದ್ದವನ್ನು ಮಿಲಿಮೀಟರ್‌ನಲ್ಲಿ ಬರೆಯಿರಿ, ಅದು ಬೂಟಿನ ಹಿಮ್ಮಡಿಯ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಜೊತೆಗೆ ನಿಮ್ಮ ತೂಕ, ಎತ್ತರ, ವಯಸ್ಸು ಬರೆಯಿರಿ. ಜಾಗದ ವಿಷಯಕ್ಕೆ 'ಕಂಪನಿ ಗೆರೆ ಮೇಲೆ' ಅಂತಲೋ 'ಕಂಪನಿ ಗೆರೆಯಿಂದ 1 ಸೆಂ.ಮೀ. ಮುಂದೆ' ಅಂತಲೋ ಬಿಡಿಸಿ ಬರೆಯಿರಿ. ಬರೀ ಮೈನಸ್ ಎಂಟು ಅಂತ ಬರೆದು ಕೊಡಬೇಡಿ.