ವಿದ್ಯಾರ್ಥಿ ಕೂತಿರುವುದು ಯಾವ ರಾಜ್ಯದಲ್ಲಿ? ಅಮೆರಿಕದ ಆನ್‌ಲೈನ್ ಪದವಿಗೆ ಗಡಿ ಬಿದ್ದ ಬಗೆ

ಓಹಾಯೋದ ಕಾಲೇಜೊಂದು ಆನ್‌ಲೈನ್‌ನಲ್ಲಿ ನರ್ಸಿಂಗ್ ಪದವಿ ಕಲಿಸುತ್ತದೆ ಎಂದುಕೊಳ್ಳಿ. ವಿದ್ಯಾರ್ಥಿನಿ ಇರುವುದು ಅರಿಜೋನಾದಲ್ಲಿ. ಪಾಠ, ಪರೀಕ್ಷೆ, ಶುಲ್ಕ ಎಲ್ಲವೂ ಪರದೆಯ ಮೇಲೆಯೇ ಮುಗಿಯುತ್ತವೆ. ಹಾಗಿದ್ದರೂ ಈ ಪಾಠ ನಡೆಯುತ್ತಿರುವುದು ಯಾವ ರಾಜ್ಯದಲ್ಲಿ ಎಂಬ ಪ್ರಶ್ನೆಗೆ ಕಾಲೇಜು ಉತ್ತರ ಕೊಡಲೇಬೇಕು. ಅಮೆರಿಕದಲ್ಲಿ ಆನ್‌ಲೈನ್ ಉನ್ನತ ಶಿಕ್ಷಣದ ಹೊಸ ಪ್ರಯೋಗಗಳು ಬೆಳೆದದ್ದೂ ತಡವರಿಸಿದ್ದೂ ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ.

ಅಲ್ಲಿ ಕಾಲೇಜು ನಡೆಸಲು ಅನುಮತಿ ಕೊಡುವುದು ರಾಜ್ಯ. ಗುಣಮಟ್ಟ ನೋಡುವುದು ಖಾಸಗಿ ಮಾನ್ಯತಾ ಮಂಡಳಿಗಳು. 1965ರ ಉನ್ನತ ಶಿಕ್ಷಣ ಕಾಯ್ದೆಯಡಿ ವಿದ್ಯಾರ್ಥಿಗಳಿಗೆ ಸಾಲ ಮತ್ತು ಅನುದಾನ ಕೊಡುವುದು ಕೇಂದ್ರ ಸರ್ಕಾರ. ಮೊದಲ ಎರಡರಲ್ಲಿ ಒಂದು ತಪ್ಪಿದರೂ ಮೂರನೆಯದು, ಅಂದರೆ ದುಡ್ಡು, ಸಿಗುವುದಿಲ್ಲ.

ಮೊದಲ ಗೋಡೆ ಎದ್ದದ್ದು ಈ ದುಡ್ಡಿನ ಕಡೆಯಿಂದಲೇ. ಅಂಚೆ ಶಿಕ್ಷಣದ ಹೆಸರಿನಲ್ಲಿ ನಡೆಯುತ್ತಿದ್ದ ಮೋಸ ತಡೆಯಲು 1992ರಲ್ಲಿ 'ಶೇ 50ರ ನಿಯಮ' ಬಂತು: ಅರ್ಧಕ್ಕಿಂತ ಹೆಚ್ಚು ಕೋರ್ಸುಗಳು ಅಂಚೆಯಲ್ಲೇ ನಡೆದರೆ ಕೇಂದ್ರದ ನೆರವಿಲ್ಲ. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಇಂಟರ್ನೆಟ್ ಬಂದಾಗ ಪೂರ್ತಿ ಆನ್‌ಲೈನ್ ಕಾಲೇಜೂ ಅದೇ ಬಲೆಗೆ ಬಿತ್ತು. 19 ರಾಜ್ಯಗಳ ಗವರ್ನರ್‌ಗಳು ಸೇರಿ 1997ರಲ್ಲಿ ಕಟ್ಟಿದ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಂಥ ಸಂಸ್ಥೆಗಳಿಗಾಗಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1998ರಲ್ಲಿ ಪ್ರಾಯೋಗಿಕ ವಿನಾಯಿತಿ ಕೊಟ್ಟಿತು. ಆನ್‌ಲೈನ್ ಶಿಕ್ಷಣ ಆ ನಿಯಮದಿಂದ ಪೂರ್ತಿ ಹೊರಬಂದದ್ದು 2006ರಲ್ಲಿ.

ಹೊರಬಂದರೂ ಒಂದು ಗಂಟು ಉಳಿಯಿತು. ಆನ್‌ಲೈನ್ ಪಾಠ ಅಂಚೆ ಪಾಠವಲ್ಲ ಎನಿಸಿಕೊಳ್ಳಲು ಬೋಧಕರಿಗೂ ವಿದ್ಯಾರ್ಥಿಗೂ ನಡುವೆ 'ನಿಯಮಿತ ಮತ್ತು ಅರ್ಥಪೂರ್ಣ ಸಂಪರ್ಕ' ಇರಬೇಕು. ವೆಸ್ಟರ್ನ್ ಗವರ್ನರ್ಸ್‌ನಲ್ಲಿ ಒಬ್ಬ ಅಧ್ಯಾಪಕರ ಕೆಲಸವನ್ನು ಹಲವರು ಹಂಚಿಕೊಂಡಿದ್ದರು: ವಿಷಯ ಬಲ್ಲವರು ಒಬ್ಬರು, ಬೆನ್ನಿಗೆ ನಿಂತು ನಡೆಸುವವರು ಇನ್ನೊಬ್ಬರು, ಉತ್ತರ ತಿದ್ದುವವರು ಮತ್ತೊಬ್ಬರು. ಇಷ್ಟು ಗಂಟೆ ಕೂತರೆ ಸಾಲದು, ಕಲಿತದ್ದನ್ನು ತೋರಿಸಿದರೇ ಪಾಸು. 2017ರಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಅಲ್ಲಿನ 102 ಕೋರ್ಸ್ ಪರಿಶೀಲಿಸಿ, 69ರಲ್ಲಿ ಅಂಥ ಸಂಪರ್ಕವಿಲ್ಲ, 71 ಕೋಟಿ ಡಾಲರ್‌ಗೂ ಹೆಚ್ಚು ನೆರವನ್ನು ವಾಪಸ್ ಪಡೆಯಬೇಕು ಎಂದಿತು. ಇಲಾಖೆ 2019ರ ಜನವರಿಯಲ್ಲಿ ಅದನ್ನು ಕೈಬಿಟ್ಟಿತು. ನಿಯಮ ಅಸ್ಪಷ್ಟವಾಗಿತ್ತು ಎಂದು ಒಪ್ಪಿಕೊಂಡಿತು. ಪಾಠ ಹೇಳುವುದು, ತಿದ್ದಿ ಅಭಿಪ್ರಾಯ ಕೊಡುವುದು, ಪ್ರಶ್ನೆಗೆ ಉತ್ತರಿಸುವುದು, ಗುಂಪು ಚರ್ಚೆ ನಡೆಸುವುದು, ಮಾನ್ಯತಾ ಮಂಡಳಿ ಒಪ್ಪಿದ ಬೇರೆ ಚಟುವಟಿಕೆ: ಇವುಗಳಲ್ಲಿ ಕನಿಷ್ಠ ಎರಡು ಇರಬೇಕೆಂಬ ವ್ಯಾಖ್ಯೆ ಜಾರಿಗೆ ಬಂದದ್ದು 2021ರ ಜುಲೈ 1ರಂದು. ಈ ವ್ಯಾಖ್ಯೆ ಹದಿನೈದು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಕಾಲೇಜುಗಳು ಧೈರ್ಯವಾಗಿ ಹೊಸತನಕ್ಕೆ ಕೈಹಾಕುತ್ತಿದ್ದವು. ಬಿಗಿ ನಿಯಮಕ್ಕಿಂತ ಮಸುಕಾದ ನಿಯಮವೇ ಪ್ರಯೋಗಕ್ಕೆ ಹೆಚ್ಚು ಪೆಟ್ಟು ಕೊಡುತ್ತದೆ.

ಇನ್ನು ರಾಜ್ಯಗಳ ಕಡೆ. 2010ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಇಲಾಖೆ, ಹೊರರಾಜ್ಯದ ಆನ್‌ಲೈನ್ ವಿದ್ಯಾರ್ಥಿಗೆ ನೆರವು ಬೇಕಿದ್ದರೆ ಆ ರಾಜ್ಯದ ಅನುಮತಿಯ ದಾಖಲೆಯನ್ನು ಕಾಲೇಜು ಇಟ್ಟುಕೊಂಡಿರಬೇಕು ಎಂದಿತು. 2012ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಲಿಲ್ಲ. ಸಾರ್ವಜನಿಕ ಅಭಿಪ್ರಾಯಕ್ಕೆ ಸರಿಯಾಗಿ ಅವಕಾಶ ಕೊಟ್ಟಿಲ್ಲ ಎಂಬುದು ಕಾರಣ. ಆದರೆ ಅಷ್ಟರಲ್ಲಿ ಕಾಲೇಜುಗಳಿಗೆ ಎಚ್ಚರವಾಗಿತ್ತು: ಕೇಂದ್ರದ ನಿಯಮ ಬಿದ್ದರೂ ರಾಜ್ಯಗಳ ಕಾನೂನು ಹಾಗೇ ಇತ್ತು. ಅವು ಒಂದೊಂದೂ ಒಂದೊಂದು ಥರ. ಒಂದು ಕಡೆ ಜಾಹೀರಾತು ಕೊಟ್ಟರೆ ಅನುಮತಿ ಬೇಕು, ಇನ್ನೊಂದು ಕಡೆ ಬೋಧಕರ ಮನೆ ಆ ರಾಜ್ಯದಲ್ಲಿದ್ದರೆ ಸಾಕು, ಮತ್ತೊಂದು ಕಡೆ ಕ್ಲಿನಿಕಲ್ ಪೋಸ್ಟಿಂಗ್‌ಗೆ (ಆಸ್ಪತ್ರೆಯಲ್ಲಿನ ತರಬೇತಿಗೆ) ಒಬ್ಬ ವಿದ್ಯಾರ್ಥಿಯನ್ನು ಕಳಿಸಿದರೂ ಸಾಕು. ದೊಡ್ಡ ಸಂಸ್ಥೆಗಳು ಇದಕ್ಕೆಂದೇ ಸಿಬ್ಬಂದಿ ನೇಮಿಸಿಕೊಂಡವು. ಕೆಲವು ಕಾಲೇಜುಗಳು ಮಾತ್ರ ಕೆಲವು ರಾಜ್ಯಗಳ ಅರ್ಜಿಗಳನ್ನೇ ತೆಗೆದುಕೊಳ್ಳದಾದವು. 2012ರಲ್ಲಿ ಮಿನ್ನೆಸೋಟದ ಹಳೆಯ ನೋಂದಣಿ ಕಾನೂನು ಆಗ ಉಚಿತ ಕೋರ್ಸ್ ಕೊಡುತ್ತಿದ್ದ ಕೋರ್ಸೆರಾ ಎಂಬ ಜಾಲತಾಣಕ್ಕೂ ತಟ್ಟಿತು. ಟೀಕೆ ಜೋರಾದ ಮೇಲೆ ಉಚಿತ ಪಾಠಕ್ಕೆ ಅಡ್ಡಿಯಿಲ್ಲ ಎಂದು ರಾಜ್ಯ ಸ್ಪಷ್ಟಪಡಿಸಿತು.

ಈ ಗೋಜಲಿಗೆ ಸಿಕ್ಕ ಪರಿಹಾರ 'ಸಾರಾ' ಎಂಬ ಅಂತರರಾಜ್ಯ ಒಪ್ಪಂದ. ಮೊದಲು ಸೇರಿದ್ದು ಇಂಡಿಯಾನಾ, 2014ರಲ್ಲಿ. ಕ್ಯಾಲಿಫೋರ್ನಿಯಾ ಬಿಟ್ಟು 49 ರಾಜ್ಯಗಳು ಇದರೊಳಗೆ ಬಂದವು. ಕಾಲೇಜು ತನ್ನ ತವರು ರಾಜ್ಯದಿಂದ ಒಪ್ಪಿಗೆ ಪಡೆದರೆ ಉಳಿದ ಸದಸ್ಯ ರಾಜ್ಯಗಳು ಅದನ್ನೇ ಮಾನ್ಯ ಮಾಡುತ್ತವೆ. ಮಾನ್ಯತೆ ಇರಬೇಕು, ಖಾಸಗಿ ಕಾಲೇಜಾದರೆ ಅದರ ಆರ್ಥಿಕ ಸ್ಥಿತಿಗೆ ಕೇಂದ್ರ ಕೊಡುವ ಅಂಕ ಕನಿಷ್ಠ 1.5 ಇರಬೇಕು, 1ರಿಂದ 1.5ರ ನಡುವಿದ್ದರೆ ತವರು ರಾಜ್ಯದ ವಿವೇಚನೆ. ಹೊರರಾಜ್ಯದ ಒಂದೇ ಆಸ್ಪತ್ರೆಗೆ ಒಂದು ಕೋರ್ಸಿನಿಂದ ಒಮ್ಮೆಗೆ 10ಕ್ಕಿಂತ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸಿದರೆ ಅಲ್ಲಿ ಕಾಲೇಜಿಗೆ ನೆಲೆ ಇದೆ ಎಂದೇ ಲೆಕ್ಕ. ಆಗ ಆ ರಾಜ್ಯದ ಅನುಮತಿ ಬೇಕಾಗಬಹುದು.

ಸಣ್ಣ ಕಾಲೇಜುಗಳಿಗೆ ಇದು ನಿಜಕ್ಕೂ ಉಸಿರು ಕೊಟ್ಟಿತು. ಆದರೆ ಬೆಲೆ ತೆತ್ತದ್ದು ವಿದ್ಯಾರ್ಥಿ. ಅರಿಜೋನಾದ ವಿದ್ಯಾರ್ಥಿನಿಯ ದೂರಿಗೆ ಕಾಲೇಜಿನಲ್ಲಿ ಪರಿಹಾರ ಸಿಗದಿದ್ದರೆ ಅದು ಹೋಗಬೇಕಾದದ್ದು ಓಹಾಯೋಕ್ಕೆ. ಕಾಲೇಜುಗಳಿಗೆಂದೇ ತನ್ನ ರಾಜ್ಯ ಮಾಡಿದ ಶುಲ್ಕ ವಾಪಸಾತಿಯಂಥ ನಿಯಮಗಳನ್ನು ಆಕೆ ಸಾಮಾನ್ಯವಾಗಿ ಮುಂದೊಡ್ಡುವಂತಿಲ್ಲ. ವಂಚನೆ ವಿರುದ್ಧದ ಸಾಮಾನ್ಯ ಕಾನೂನು ಮಾತ್ರ ಉಳಿಯುತ್ತದೆ. ಕ್ಯಾಲಿಫೋರ್ನಿಯಾ ಹೊರಗುಳಿದದ್ದರ ಹಿಂದೆ ಈ ಆತಂಕವೂ ಇದೆ. ಆದರೆ ಹೊರಗೆ ಉಳಿದ ತಾಪತ್ರಯವೂ ಅದಕ್ಕೆ ತಟ್ಟಿತು: ಹೊರರಾಜ್ಯದ ಸರ್ಕಾರಿ ಮತ್ತು ಲಾಭರಹಿತ ಕಾಲೇಜುಗಳ ಮೇಲಿನ ದೂರು ಕೇಳುವ ವ್ಯವಸ್ಥೆ ಅಲ್ಲಿಲ್ಲವೆಂದು 2019ರ ಜುಲೈನಲ್ಲಿ ಅಂಥ ಕಾಲೇಜುಗಳಲ್ಲಿ ಕಲಿಯುವ ಕ್ಯಾಲಿಫೋರ್ನಿಯಾದವರ ಕೇಂದ್ರ ನೆರವೇ ತೂಗಾಡಿತು. ರಾಜ್ಯ ತುರ್ತಾಗಿ ದೂರು ವ್ಯವಸ್ಥೆ ಮಾಡಿ ಪಾರಾಯಿತು.

ಸಾರಾ ಮುಟ್ಟದ ಒಂದು ಜಾಗವಿದೆ: ವೃತ್ತಿ ಪರವಾನಗಿ. ನರ್ಸ್, ಶಿಕ್ಷಕ, ಸಮಾಜಕಾರ್ಯಕರ್ತರಿಗೆ ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ. ಓಹಾಯೋದ ಪದವಿ ಅರಿಜೋನಾದ ಪರವಾನಗಿಗೆ ಸಲ್ಲಲೇಬೇಕೆಂದಿಲ್ಲ. ಪದವಿ ಮುಗಿಸಿ, ಸಾಲ ತಲೆಮೇಲಿಟ್ಟುಕೊಂಡು ಮಂಡಳಿಯ ಬಾಗಿಲಲ್ಲಿ ಇದು ಗೊತ್ತಾಗುವುದಕ್ಕಿಂತ ಕ್ರೂರವಾದ ತಪ್ಪು ಈ ಇಡೀ ವ್ಯವಸ್ಥೆಯಲ್ಲಿ ಇನ್ನೊಂದಿಲ್ಲ. 2020ರಿಂದ ಕಾಲೇಜುಗಳು ಮಾಹಿತಿ ಪ್ರಕಟಿಸಿದರೆ ಸಾಕಿತ್ತು. 'ಗೊತ್ತಿಲ್ಲ' ಎನ್ನುವುದಕ್ಕೂ ಅವಕಾಶವಿತ್ತು. 2024ರ ಜುಲೈ 1ರ ನಿಯಮ ಆ ದಾರಿ ಮುಚ್ಚಿತು: ನೆರವು ಪಡೆಯುವ ಕೋರ್ಸು ವಿದ್ಯಾರ್ಥಿ ಇರುವ ರಾಜ್ಯದ ಶೈಕ್ಷಣಿಕ ಅಗತ್ಯ ಪೂರೈಸುತ್ತದೆಂದು ಕಾಲೇಜೇ ಖಚಿತಪಡಿಸಿಕೊಳ್ಳಬೇಕು. ಬೇರೆ ರಾಜ್ಯದಲ್ಲಿ ಕೆಲಸ ಮಾಡುವೆನೆಂದು ವಿದ್ಯಾರ್ಥಿ ಬರೆದುಕೊಟ್ಟರೆ ಆ ರಾಜ್ಯದ ಲೆಕ್ಕ ಹಿಡಿಯಬಹುದು.

ಆದರೆ ಇಲ್ಲಿ 'ಇರುವ ರಾಜ್ಯ' ಎಂದರೆ ಸೇರುವಾಗ ಇದ್ದ ರಾಜ್ಯ. ನಡುವೆ ಟೆಕ್ಸಾಸ್‌ಗೆ ಮನೆ ಬದಲಿಸಿದರೆ ಈ ರಕ್ಷಣೆ ತಾನಾಗಿ ಹಿಂದೆ ಬರುವುದಿಲ್ಲ. ವಿಳಾಸ ಬದಲಾವಣೆಯನ್ನು ಕಾಲೇಜಿಗೆ ವಿಧಿವತ್ತಾಗಿ ತಿಳಿಸಬೇಕು, ಟೆಕ್ಸಾಸ್ ಮಂಡಳಿ ಆ ಪದವಿಯನ್ನು ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಬೇಕು, ಅದೂ ಮುಂದಿನ ಸೆಮಿಸ್ಟರ್‌ನ ಶುಲ್ಕ ಕಟ್ಟುವ ಮೊದಲೇ.