ಅರ್ಜಿಯಲ್ಲಿ ಸಾಧನೆಗಿಂತ ತೊಡಕನ್ನು ಬರೆಯಿರಿ

ಹತ್ತು ಹದಿನೈದು ವರ್ಷ ಕೆಲಸ ಮಾಡಿದ ಕಲಾವಿದರನ್ನು ಒಂದು ಬಗೆಯ ಒಂಟಿತನ ಕಾಡುತ್ತದೆ. ಹೊಸಬರಿಗಾಗಿ ಇರುವ ಫೆಲೋಶಿಪ್‌ಗಳ ವಯೋಮಿತಿ ದಾಟಿರುತ್ತದೆ, ಹಿರಿಯರಿಗೆ ಸಲ್ಲುವ ಗೌರವ ಇನ್ನೂ ದೂರ. ಓದುವಾಗ ಪ್ರತಿ ಚಿತ್ರಕ್ಕೂ ವಾದಕ್ಕಿಳಿಯುತ್ತಿದ್ದ ಗೆಳೆಯರು ಚದುರಿಹೋಗಿರುತ್ತಾರೆ. ಪ್ರದರ್ಶನಕ್ಕೆ ಬಂದವರು ‘ಚೆನ್ನಾಗಿದೆ’ ಎಂದು ಹೇಳಿ ಹೊರಡುತ್ತಾರೆ. ಮಧ್ಯಘಟ್ಟದ ಕಲಾವಿದರಿಗೆಂದೇ ರೂಪಿಸಿದ ಬೆಳವಣಿಗೆ ಮತ್ತು ಪರಸ್ಪರ ಬೆಂಬಲದ ಯೋಜನೆಗಳು ಈ ಕೊರತೆಯನ್ನೇ ತುಂಬಲು ಬಂದವು.

ಸಾಮಾನ್ಯವಾಗಿ ಆರೆಂಟು ಮಂದಿಯ ಗುಂಪು, ಒಬ್ಬ ಸಂಚಾಲಕರು, ನಿಯಮಿತ ಭೇಟಿ, ಜೊತೆಗೆ ಒಂದಿಷ್ಟು ಹಣ. ಅರ್ಜಿದಾರರ ಕಣ್ಣು ಹಣದ ಮೇಲೂ ಮಾರ್ಗದರ್ಶಕರ ಹೆಸರಿನ ಮೇಲೂ ಇರುತ್ತದೆ. ಇಂಥ ಗುಂಪುಗಳನ್ನು ನಡೆಸಿದವಳಾಗಿ ಹೇಳುತ್ತೇನೆ, ಕೆಲಸದ ದಿಕ್ಕನ್ನು ಬದಲಿಸುವುದು ಸಹಕಲಾವಿದರು ಕೇಳುವ ಪ್ರಶ್ನೆಗಳು.

ಈ ತಿಳಿವಳಿಕೆ ಹೊಸದಲ್ಲ. 1940ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಉದ್ಯಮದಲ್ಲಿದ್ದ ರೆಗ್ ರೆವಾನ್ಸ್, ಗಣಿ ವ್ಯವಸ್ಥಾಪಕರು ಸಣ್ಣ ಗುಂಪುಗಳಲ್ಲಿ ಕೂತು ಒಬ್ಬರ ಸಮಸ್ಯೆಯನ್ನು ಇನ್ನೊಬ್ಬರು ಪ್ರಶ್ನಿಸುತ್ತ ಕಲಿಯಬೇಕೆಂದರು. ಅದೇ ‘ಆಕ್ಷನ್ ಲರ್ನಿಂಗ್’. ನೃತ್ಯ ಸಂಯೋಜಕಿ ಲಿಜ್ ಲರ್ಮನ್ ಕಲಾಕೃತಿಗಳ ಚರ್ಚೆಗಾಗಿಯೇ ನಾಲ್ಕು ಹಂತದ ಕ್ರಮವೊಂದನ್ನು ಕಟ್ಟಿದರು. ಮೊದಲು ಕೃತಿಯಲ್ಲಿ ತಮ್ಮನ್ನು ತಟ್ಟಿದ್ದೇನೆಂದು ನೋಡಿದವರು ಹೇಳಬೇಕು. ಆಮೇಲೆ ಕಲಾವಿದರು ತಮಗೆ ಬೇಕಾದ್ದನ್ನು ಕೇಳಬೇಕು. ಮೂರನೆಯದು ನೋಡಿದವರ ತಟಸ್ಥ ಪ್ರಶ್ನೆಗಳು. ಅಭಿಪ್ರಾಯ ಬರುವುದು ಕೊನೆಗೆ, ಅದೂ ಕಲಾವಿದರು ಒಪ್ಪಿದರೆ ಮಾತ್ರ.

ಜನ ಎಡವುವುದು ಮೂರನೆಯ ಹಂತದಲ್ಲಿ. ‘ಇಷ್ಟು ದೊಡ್ಡದಾಗಿ ಯಾಕೆ ಮಾಡಿದಿರಿ?’ ಎಂದಾಗ ದೊಡ್ಡದಾಯಿತೆಂಬ ತೀರ್ಪು ಒಳಗೇ ಇದೆ. ಕಲಾವಿದರು ಸಮರ್ಥನೆಗೆ ಇಳಿದುಬಿಡುತ್ತಾರೆ. ‘ಅಳತೆಯನ್ನು ಹೇಗೆ ನಿರ್ಧರಿಸಿದಿರಿ?’ ಎಂದು ಕೇಳಿ ನೋಡಿ. ಆ ನಿರ್ಧಾರವನ್ನು ತಾವು ಮಾಡಿಯೇ ಇರಲಿಲ್ಲ, ಗ್ಯಾಲರಿಯ ಗೋಡೆ ಮಾಡಿತ್ತು ಎಂಬುದು ಎಷ್ಟೋ ಜನರಿಗೆ ಉತ್ತರಿಸುವಾಗಲೇ ಹೊಳೆಯುತ್ತದೆ. ವರ್ಷಗಟ್ಟಲೆ ಕೈಗೆ ಅಭ್ಯಾಸವಾದದ್ದು ಹೀಗೆ ಮತ್ತೆ ಆಯ್ಕೆಯಾಗಿ ಎದುರು ನಿಲ್ಲುತ್ತದೆ.

ಆದ್ದರಿಂದ ಅರ್ಜಿಯನ್ನು ಪ್ರದರ್ಶನಗಳ ಪಟ್ಟಿಯಿಂದ ತುಂಬಿಸಬೇಡಿ. ಅದಕ್ಕೆ ಸ್ವವಿವರದ ಪುಟವಿದೆ. ‘ಬೇರೆಯವರು ಹೇಳಿ ಮಾಡಿಸಿಕೊಳ್ಳುವ ಕೆಲಸಗಳೇ ವರ್ಷವನ್ನೆಲ್ಲ ನುಂಗುತ್ತಿವೆ, ನನ್ನದೇ ಸರಣಿ ಅರ್ಧಕ್ಕೆ ನಿಂತಿದೆ, ಅದನ್ನು ಮುಂದುವರಿಸಬೇಕೋ ಬಿಡಬೇಕೋ ತಿಳಿಯುತ್ತಿಲ್ಲ’ ಎಂಬಂಥ ಎರಡು ಸಾಲು ಆಯ್ಕೆ ಸಮಿತಿಗೆ ಹೆಚ್ಚು ಹೇಳುತ್ತವೆ. ಇತರರಿಗೆ ನೀವೇನು ಕೊಡಬಲ್ಲಿರಿ ಎಂಬುದನ್ನೂ ಬರೆಯಿರಿ. ಅನುದಾನದ ಲೆಕ್ಕಪತ್ರ ಬಲ್ಲವರು, ಅಚ್ಚು ಹಾಕಿಸುವ ಒಳಗುಟ್ಟು ಬಲ್ಲವರು ಗುಂಪಿಗೆ ದೊಡ್ಡ ಆಸ್ತಿ.

ಒಪ್ಪುವ ಮುನ್ನ ವಿಚಾರಿಸಿಕೊಳ್ಳಿ: ಪ್ರಯಾಣದ ಮತ್ತು ಮಕ್ಕಳನ್ನು ನೋಡಿಕೊಳ್ಳುವವರ ಖರ್ಚನ್ನು ಕೊಡುತ್ತಾರೆಯೇ, ಗುಂಪಿನ ಮಾತು ಹೊರಗೆ ಹೋಗಬಾರದೆಂಬ ಒಪ್ಪಂದವಿದೆಯೇ? ಕೊನೆಯಲ್ಲಿ ಪ್ರದರ್ಶನ ಕಡ್ಡಾಯವಾಗಿದ್ದರೆ ನಾನು ಹಿಂಜರಿಯುತ್ತೇನೆ. ಅಂಥ ಕಡೆ ಎಲ್ಲರೂ ಅರೆಬರೆ ಕೆಲಸವನ್ನು ಮುಚ್ಚಿಟ್ಟು ಮುಗಿದದ್ದನ್ನೇ ತೋರಿಸತೊಡಗುತ್ತಾರೆ.

ಸೇರಿದ ಮೇಲೆ ಮೊದಲ ಭೇಟಿಗೆ ನಿಂತುಹೋದ ಕೆಲಸವನ್ನೇ ಒಯ್ಯಿರಿ. ಯೋಜನೆಯ ಹಣ ಮುಗಿಯುವ ಮೊದಲೇ, ಸಂಚಾಲಕರಿಲ್ಲದೆ ನೀವು ನೀವೇ ಸೇರುವ ಮುಂದಿನ ಮೂರು ದಿನಾಂಕಗಳನ್ನು ಗೊತ್ತುಮಾಡಿಕೊಳ್ಳಿ.